ಕಾಯುವಿಕೆಗೆ ತಗಲುವ ವಿದ್ಯುತ್ತು

ಯಾವ ಯಂತ್ರವೇ ಆಗಲಿ, ತಾನು ಮಾಡುವ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಎಲ್ಲಿಂದಲಾದರೂ ಪಡೆಯಲೇಬೇಕೆಂಬುದು ಭೌತವಿಜ್ಞಾನದ ಮೊದಲ ಪಾಠಗಳಲ್ಲೊಂದು. ತರಗತಿಯಲ್ಲಿ ಈ ಪಾಠವನ್ನು ಎಲ್ಲರೂ ಒಪ್ಪುತ್ತಾರೆ. ಹೊರಗೆ ಬಂದು ಮೊಬೈಲ್ ದೂರವಾಣಿಯನ್ನು ಕೈಗೆತ್ತಿಕೊಂಡೊಡನೆ ಮರೆಯುತ್ತಾರೆ. ಆ ಪುಟ್ಟ ಸಲಕರಣೆ ಬಳಸುವ ವಿದ್ಯುತ್ತೇನೋ ನಿಜವಾಗಿಯೂ ಅತ್ಯಲ್ಪ. ಈಗ ಸಾಮಾನ್ಯವಾಗಿ ದೊರೆಯುವ ದೂರವಾಣಿಯ ಬ್ಯಾಟರಿಯ ಮೇಲೆ ೫೦೦೦ ಮಿಲಿಆಂಪಿಯರ್-ಗಂಟೆ ಎಂದು ಬರೆದಿರುತ್ತದೆ. ಅದರ ವಿಭವ ಸುಮಾರು ೩.೮೫ ವೋಲ್ಟ್. ಎರಡನ್ನೂ ಗುಣಿಸಿದರೆ ೧೯ ವಾಟ್-ಗಂಟೆಗಳಷ್ಟು ಶಕ್ತಿಯಾಗುತ್ತದೆ. ದಿನಕ್ಕೊಮ್ಮೆ ಅದನ್ನು ಪೂರ್ತಿಯಾಗಿ ತುಂಬಿಸಿದರೂ ವರ್ಷಕ್ಕೆ ತಗಲುವುದು ಸುಮಾರು ೭ ಯೂನಿಟ್ಟು ಮಾತ್ರ. ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ದೊಡ್ಡ ಸೌಕರ್ಯ ಮತ್ತೊಂದಿಲ್ಲವೆಂದು ವಿದ್ಯಾರ್ಥಿಗಳು ಹೇಳಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಈ ಲೆಕ್ಕ ಅರ್ಧ ಲೆಕ್ಕ. ನಾವು ಆಡಿದ ಮಾತು ದೂರವಾಣಿಯಿಂದ ದೂರವಾಣಿಗೆ ನೇರವಾಗಿ ಹಾರುವುದಿಲ್ಲ. ಅದು ಮೊದಲು ಹತ್ತಿರದ ಗೋಪುರವನ್ನು ಸೇರಿ, ಅಲ್ಲಿಂದ ತಂತಿ, ಗಾಜಿನ ಎಳೆ ಮೊದಲಾದ ಮಾರ್ಗಗಳಲ್ಲಿ ಸಾಗಿ, ಮತ್ತೊಂದು ಗೋಪುರದಿಂದ ಕೇಳುವವನ ಕೈಗೆ ಇಳಿಯುತ್ತದೆ. ಶಹಾಬಾದಿನ ಕಲ್ಲುಗಣಿಗಳ ಅಂಚಿನಲ್ಲಿ, ವಾಡಿಯ ರೈಲು ಜಂಕ್ಷನ್ನಿನ ಸುತ್ತ, ಚಿತ್ತಾಪುರ ಸೇಡಂಗಳ ಮನೆಯ ಮಾಡುಗಳ ಮೇಲೆ, ಚಿಂಚೋಳಿಯ ಗುಡ್ಡಗಳ ನೆತ್ತಿಯಲ್ಲಿ ಈ ಉಕ್ಕಿನ ಗೋಪುರಗಳು ಕಾಣುತ್ತವೆ. ಅವುಗಳಲ್ಲಿರುವ ಪ್ರಸಾರ ಸಲಕರಣೆಗೆ ಬೇಸ್ ಸ್ಟೇಷನ್ ಎಂದು ಹೆಸರು. ನಾವು ಅದನ್ನು ಮೂಲಠಾಣೆಯೆಂದು ಕರೆಯೋಣ. ಮೊಬೈಲ್ ಜಾಲಗಳು ಬಳಸುವ ವಿದ್ಯುತ್ತಿನ ಬಹುಪಾಲು ಖರ್ಚಾಗುವುದು ಈ ಮೂಲಠಾಣೆಗಳಲ್ಲಿಯೇ. ಅದು ಹೇಗೆ, ಏತಕ್ಕೆ ಖರ್ಚಾಗುತ್ತದೆಂಬುದನ್ನು ವಿಚಾರಿಸಿ, ಈ ಐದು ಊರುಗಳ ಸೀಮೆಗೆ ಅದರಿಂದ ಏನು ಸಲ್ಲತಕ್ಕದ್ದೆಂದು ನಮ್ಮ ಅಭಿಪ್ರಾಯವನ್ನು ಹೇಳುವುದು ಈ ಲೇಖನದ ಉದ್ದೇಶ.

ಒಂದು ಸೀಮೆಯನ್ನು ಅನೇಕ ಚಿಕ್ಕ ಚಿಕ್ಕ ಕೋಶಗಳಾಗಿ ವಿಂಗಡಿಸಿ, ಪ್ರತಿಯೊಂದು ಕೋಶಕ್ಕೂ ಒಂದೊಂದು ಅಲ್ಪಶಕ್ತಿಯ ಠಾಣೆಯನ್ನು ಇಡಬೇಕೆಂಬ ಯೋಚನೆಯನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಡಗ್ಲಾಸ್ ರಿಂಗ್ ೧೯೪೭ರಲ್ಲಿಯೇ ಬರೆದಿಟ್ಟರು. ಈ ಯೋಚನೆಯ ಬುಡದಲ್ಲಿರುವುದು ಎಲ್ಲ ವಿದ್ಯಾರ್ಥಿಗಳೂ ಬಲ್ಲ ವಿಲೋಮ ವರ್ಗ ನಿಯಮ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಅಲೆಯ ತೀಕ್ಷ್ಣತೆ ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ನೆಲದ ಮೇಲೆ, ಗಿಡಮರ, ಗೋಡೆ, ಗುಡ್ಡಗಳ ನಡುವೆ ಈ ಇಳಿತ ಇನ್ನೂ ಕಡಿದು. ಅನೇಕ ಕಡೆ ಹದಿನಾರರಲ್ಲೊಂದರವರೆಗೂ ಇಳಿಯುವುದುಂಟು. ಠಾಣೆಯ ಒಂದು ಏರಿಯಲ್ಲಿನಿಂದ ಹೊರಡುವ ಶಕ್ತಿ ಕೆಲವು ಹತ್ತು ವಾಟುಗಳು, ಎಂದರೆ ಒಂದು ಹಳೆಯ ಕಾಲದ ಬಲ್ಬಿನಷ್ಟು. ಎರಡು ಮೂರು ಕಿಲೋಮೀಟರ್ ಆಚೆ ಇರುವ ದೂರವಾಣಿಗೆ ಅದರಲ್ಲಿ ದೊರೆಯುವುದು ಒಂದು ವಾಟಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟಿದ್ದರೂ ಸಾಕು; ಮಾತು ಸ್ಪಷ್ಟವಾಗಿ ಕೇಳುತ್ತದೆ. ಇಷ್ಟು ಕ್ಷೀಣವಾದ ಅಲೆಯಿಂದ ಅರ್ಥವನ್ನು ಹೆಕ್ಕಿ ತೆಗೆಯಬಲ್ಲ ಸಲಕರಣೆಯನ್ನು ನಿರ್ಮಿಸಿರುವುದು ಮಾನವನ ಬುದ್ಧಿಯ ಒಂದು ದೊಡ್ಡ ಗೆಲವೆಂಬುದರಲ್ಲಿ ಸಂದೇಹವಿಲ್ಲ.

ಹೊರಡುವ ಶಕ್ತಿ ಇಷ್ಟು ಸ್ವಲ್ಪವಾದ ಮೇಲೆ ಗೋಪುರಕ್ಕೆ ಬೇಕಾದ ವಿದ್ಯುತ್ತು ಮಾತ್ರ ಏಕೆ ಹೆಚ್ಚು? ವಿದ್ಯುತ್ತು ಸಾಗುವ ದಾರಿಯನ್ನು ಹಿಡಿದು ನಡೆದರೆ ಉತ್ತರ ಸಿಕ್ಕುತ್ತದೆ. ಕಂಬದಿಂದ ಬಂದ ಪರ್ಯಾಯ ವಿದ್ಯುತ್ತನ್ನು ಮೊದಲು ೪೮ ವೋಲ್ಟಿನ ಏಕಮುಖ ವಿದ್ಯುತ್ತಾಗಿ ಮಾರ್ಪಡಿಸುತ್ತಾರೆ. ತಂತಿಯ ಕಾಲದ ದೂರವಾಣಿ ಕೇಂದ್ರಗಳಲ್ಲಿ ೨ ವೋಲ್ಟಿನ ೨೪ ಸೀಸದ ಕೋಶಗಳನ್ನು ಸಾಲಾಗಿ ಜೋಡಿಸುತ್ತಿದ್ದ ರೂಢಿಯ ಕುರುಹು ಅದು. ಈ ಮಾರ್ಪಾಟಿನಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಅನಂತರ ಸಂದೇಶವನ್ನು ಅಂಕಿಗಳಾಗಿ ಹೆಣೆದು ಬಿಡಿಸುವ ಗಣಕಗಳಿಗೆ ಒಂದು ಪಾಲು. ಎಲ್ಲಕ್ಕಿಂತ ದೊಡ್ಡ ಪಾಲು ಶಕ್ತಿವರ್ಧಕಕ್ಕೆ, ಎಂದರೆ ಆಂಪ್ಲಿಫಯರಿಗೆ. ಇಂದಿನ ೪ಜಿ ಮತ್ತು ೫ಜಿ ಅಲೆಗಳು ನೂರಾರು ಕಿರಿಯ ಅಲೆಗಳ ಒಟ್ಟು ಮೊತ್ತ. ಅವು ಒಮ್ಮೊಮ್ಮೆ ಒಟ್ಟಿಗೆ ಏರಿ ಎತ್ತರದ ಶಿಖರವಾಗುತ್ತವೆ. ಬಹುಕಾಲ ತಗ್ಗಿನಲ್ಲಿಯೇ ಇರುತ್ತವೆ. ಶಿಖರ ಮುರಿಯದಂತೆ ವರ್ಧಿಸಬೇಕಾದರೆ ವರ್ಧಕವನ್ನು ಅದರ ಪೂರ್ಣಸಾಮರ್ಥ್ಯಕ್ಕಿಂತ ಬಹಳ ಕೆಳಗೆ ನಡೆಸಬೇಕಾಗುತ್ತದೆ. ಗೌಡರು ವರ್ಷಕ್ಕೊಮ್ಮೆ ಬರುತ್ತಾರೆಂದು ವರ್ಷವೆಲ್ಲ ದೊಡ್ಡ ಬಂಡಿಯನ್ನು ಹೂಡಿ ನಿಲ್ಲಿಸಿದಂತೆ! ಬೆಲ್ ಪ್ರಯೋಗಶಾಲೆಯ ವಿಲಿಯಂ ಡೊಹರ್ಟಿ ೧೯೩೬ರಲ್ಲಿ ಕಂಡುಹಿಡಿದ ಜೋಡಿ ವರ್ಧಕ ಈ ನಷ್ಟವನ್ನು ಬಹುಮಟ್ಟಿಗೆ ತಗ್ಗಿಸಿದೆ. ಆದರೂ ಅದು ಪೂರ್ತಿಯಾಗಿ ನೀಗಿಲ್ಲ.

ಈ ಮಾತುಗಳಿಗೆ ಅಂಕೆಗಳ ಆಧಾರ ಬೇಕಲ್ಲವೆ? ಯುರೋಪಿನಲ್ಲಿ ೨೦೧೦ರಿಂದ ೨೦೧೨ರವರೆಗೆ ‘ಅರ್ಥ್’ ಎಂಬ ಹೆಸರಿನಿಂದ ನಡೆದ ಸಂಶೋಧನೆಯಲ್ಲಿ ಮೂಲಠಾಣೆಗಳ ಶಕ್ತಿವ್ಯಯದ ಒಂದು ಮಾದರಿಯನ್ನು ಸಿದ್ಧಪಡಿಸಿದರು. ಮೂರು ದಿಕ್ಕಿಗೆ ಎರಡೆರಡರಂತೆ ಆರು ಪ್ರಸಾರಕಗಳಿರುವ ದೊಡ್ಡ ೪ಜಿ ಠಾಣೆಯನ್ನು ಅದರಂತೆ ಲೆಕ್ಕ ಹಾಕೋಣ. ಪ್ರತಿಯೊಂದು ಪ್ರಸಾರಕವೂ ಗರಿಷ್ಠ ೨೦ ವಾಟನ್ನು ಹೊರಗೆ ಕಳುಹಿಸುತ್ತದೆ. ಆಗ ಅದು ಸುಮಾರು ೨೨೪ ವಾಟನ್ನು ಒಳಗೆ ತೆಗೆದುಕೊಳ್ಳುತ್ತದೆ. ಆರಕ್ಕೆ ಸೇರಿ ಒಳಗೆ ಹೋದದ್ದು ೧೩೪೪ ವಾಟ್, ಹೊರಗೆ ಬಂದದ್ದು ೧೨೦ ವಾಟ್. ಎಂದರೆ ನೂರಕ್ಕೆ ಒಂಬತ್ತು ಪಾಲು ಅಲೆಯಾಯಿತು. ಉಳಿದ ತೊಂಬತ್ತೊಂದು ಪಾಲು ಶಾಖವಾಯಿತು.

ಇದಕ್ಕಿಂತಲೂ ಗಮನಿಸಬೇಕಾದ ಅಂಕೆ ಮತ್ತೊಂದಿದೆ. ಯಾರೊಬ್ಬರೂ ಮಾತನಾಡದೆ, ಯಾವ ಚಿತ್ರವನ್ನೂ ತರಿಸದೆ ಇರುವಾಗ ಅದೇ ಪ್ರಸಾರಕ ೧೩೦ ವಾಟನ್ನು ತೆಗೆದುಕೊಳ್ಳುತ್ತಲೇ ಇರುತ್ತದೆ. ಆರಕ್ಕೆ ೭೮೦ ವಾಟ್. ಪೂರ್ಣವಾಗಿ ದುಡಿಯುವಾಗಿನ ವೆಚ್ಚದಲ್ಲಿ ಇದು ನೂರಕ್ಕೆ ೫೮ ಪಾಲು! ೭೫ ವಾಟಿನ ಹತ್ತು ಬೀಸಣಿಗೆಗಳನ್ನು ಬರಿಯ ಕೋಣೆಯಲ್ಲಿ ಹಗಲಿರುಳು ತಿರುಗಿಸಿದಂತೆ. ಇಂದಿನ ಹೊಸ ಸಲಕರಣೆಗಳಲ್ಲಿ ಈ ಅಂಕೆಗಳು ಬೇರೆಯಾಗಿರಬಹುದು; ಆದರೆ ಸುಮ್ಮನಿರುವುದಕ್ಕೂ ಬಹಳ ವೆಚ್ಚವಾಗುತ್ತದೆಂಬ ಮುಖ್ಯ ಸಂಗತಿ ಬದಲಾಗಿಲ್ಲ. ಆದುದರಿಂದ ಮೂಲಠಾಣೆಯ ವಿದ್ಯುತ್ತು ಮುಖ್ಯವಾಗಿ ಮಾತನಾಡುವುದಕ್ಕಾಗಿ ಖರ್ಚಾಗುತ್ತದೆಂದು ಹೇಳುವುದು ತಪ್ಪು. ಅದರ ಬಹುಪಾಲು ಖರ್ಚಾಗುವುದು ಕಾಯುವುದಕ್ಕಾಗಿ.

ಕಾಯುವುದೆಂದರೇನು? ನಿಮ್ಮ ದೂರವಾಣಿಯ ಮೂಲೆಯಲ್ಲಿ ಕಾಣುವ ಗೆರೆಗಳು ಸುಮ್ಮನೆ ಮೂಡುವುದಿಲ್ಲ. ‘ನಾನಿಲ್ಲಿದ್ದೇನೆ’ ಎಂದು ಠಾಣೆ ಎಡೆಬಿಡದೆ ಸಾರುತ್ತಿರುತ್ತದೆ. ೪ಜಿ ಪದ್ಧತಿಯಲ್ಲಿ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಅವಧಿಯೊಳಗೇ ನಾಲ್ಕು ಸಲ ಇಂತಹ ಗುರುತಿನ ಸಂಜ್ಞೆ ಹೊರಡುತ್ತದೆ, ಕೇಳುವವರು ಇರಲಿ ಇಲ್ಲದಿರಲಿ. ೫ಜಿ ಪದ್ಧತಿಯನ್ನು ರೂಪಿಸಿದವರು ಈ ದೋಷವನ್ನು ಅರಿತು, ಗುರುತಿನ ಸಂಜ್ಞೆಗಳ ನಡುವಣ ಬಿಡುವನ್ನು ಸಾಮಾನ್ಯವಾಗಿ ೨೦ ಮಿಲಿಸೆಕೆಂಡಿಗೂ, ಬೇಕಾದರೆ ೧೬೦ ಮಿಲಿಸೆಕೆಂಡಿಗೂ ಹಿಗ್ಗಿಸಿದರು. ಆ ಬಿಡುವಿನಲ್ಲಿ ವರ್ಧಕ ಕಣ್ಣು ಮುಚ್ಚಬಹುದು.

ವಾಡಿಯ ಮಗ್ಗುಲಲ್ಲಿಯೇ ಇರುವ ಒಂದು ಹೋಲಿಕೆ ಈ ಸಂಗತಿಯನ್ನು ಸ್ಪಷ್ಟಪಡಿಸುತ್ತದೆ. ವಾಡಿ, ಸೇಡಂ, ಮಳಖೇಡಗಳಲ್ಲಿ ಸುಣ್ಣದಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ದೊಡ್ಡ ಕಾರ್ಖಾನೆಗಳಿವೆ. ಸಿಮೆಂಟಿನ ಗೂಡನ್ನು ಸಂಜೆ ಆರಿಸಿ ಬೆಳಗ್ಗೆ ಹೊತ್ತಿಸಲಾಗದು. ಅಷ್ಟು ದೊಡ್ಡ ರಾಶಿಯನ್ನು ಮತ್ತೆ ಕಾಯಿಸಲು ಬಹಳ ಹೊತ್ತೂ ಬಹಳ ಇಂಧನವೂ ಬೇಕು. ಒಳಗೋಡೆಯ ಇಟ್ಟಿಗೆಗಳೂ ಬಿರಿಯುತ್ತವೆ. ಅದಕ್ಕಾಗಿ ಗೂಡು ಹಗಲಿರುಳು ಉರಿಯಲೇಬೇಕು. ಮೂಲಠಾಣೆಗೆ ಇಂತಹ ಯಾವ ನೆಪವೂ ಇಲ್ಲ. ಎಲೆಕ್ಟ್ರಾನುಗಳಿಗೆ ಜಡತ್ವ ಅತ್ಯಲ್ಪ. ವರ್ಧಕ ಸೆಕೆಂಡಿನ ಒಂದು ಚಿಕ್ಕ ಪಾಲಿನಲ್ಲಿ ಮಲಗಿ ಏಳಬಲ್ಲದು. ವಾಡಿಯಿಂದ ಸಿಕಂದರಾಬಾದಿಗೆ ೧೮೭೪ರಲ್ಲಿ ತೆರೆದ ರೈಲುಮಾರ್ಗ ಚಿತ್ತಾಪುರ, ಸೇಡಂಗಳ ಮೂಲಕ ಹಾಯುತ್ತದೆ. ಒಂದು ಪ್ರಯಾಣಿಕರ ರೈಲು ಹಾದುಹೋಗುವಾಗ ದಾರಿಯ ಪಕ್ಕದ ಠಾಣೆಗೆ ನೂರಾರು ದೂರವಾಣಿಗಳು ಒಮ್ಮೆಗೇ ಅಂಟಿಕೊಳ್ಳುತ್ತವೆ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಂದಿನ ಠಾಣೆಗೆ ಹೋಗಿಬಿಡುತ್ತವೆ. ಆ ನಿಮಿಷಗಳಿಗೆ ಬೇಕಾದ ಸಾಮರ್ಥ್ಯವನ್ನು ರಾತ್ರಿಯೆಲ್ಲ ಎಚ್ಚರವಾಗಿಡುವುದು ಅನಾವಶ್ಯಕ. ರೈಲು ನಿಲ್ದಾಣದ ದೀಪಗಳನ್ನು ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸುವಂತೆ, ಠಾಣೆಯ ಹೆಚ್ಚುವರಿ ಪ್ರಸಾರಕಗಳನ್ನು ಮಲಗಿಸಿ ಒಂದನ್ನು ಮಾತ್ರ ಕಾವಲಿಗೆ ಬಿಡುವ ತಂತ್ರ ಈಗ ಬಳಕೆಯಲ್ಲಿದೆ. ‘ಅರ್ಥ್’ ಮಾದರಿಯಲ್ಲಿ ಮಲಗಿದ ಪ್ರಸಾರಕದ ವೆಚ್ಚ ೭೫ ವಾಟ್, ಎಂದರೆ ಎಚ್ಚರವಾಗಿ ಕಾಯುವುದಕ್ಕಿಂತ ೫೫ ವಾಟ್ ಕಡಿಮೆ.

ಇನ್ನು ಕಂಬದ ವಿದ್ಯುತ್ತು ನಿಂತಾಗ ಏನಾಗುತ್ತದೆಂದು ನೋಡಬೇಕು. ಆಗ ಬ್ಯಾಟರಿ, ಅದು ಬತ್ತಿದ ಮೇಲೆ ಡೀಸೆಲ್ ಎಂಜಿನ್ನು. ಕಲಬುರಗಿ ಜಿಲ್ಲೆಯಲ್ಲಿ ಮೇ ತಿಂಗಳ ಬಿಸಿಲು ೪೨ ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಸೀಸದ ಬ್ಯಾಟರಿಯ ಆಯುಸ್ಸು ಉಷ್ಣತೆ ಸುಮಾರು ಹತ್ತು ಡಿಗ್ರಿ ಏರಿದಂತೆಲ್ಲ ಅರ್ಧಕ್ಕರ್ಧ ಕುಗ್ಗುತ್ತದೆ. ಎಂದರೆ ಮಲೆನಾಡಿನಲ್ಲಿ ಬಾಳುವ ಬ್ಯಾಟರಿ ಇಲ್ಲಿ ಬಾಳುವುದಿಲ್ಲ. ಟ್ರಾಯ್ ಎಂದು ಪ್ರಸಿದ್ಧವಾಗಿರುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ೨೦೧೧ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಆಗ ದೇಶದಲ್ಲಿದ್ದ ಸುಮಾರು ೩ ಲಕ್ಷ ೧೦ ಸಾವಿರ ಗೋಪುರಗಳು ವರ್ಷಕ್ಕೆ ೨೦೦ ಕೋಟಿ ಲೀಟರು ಡೀಸೆಲ್ಲನ್ನು ಸುಡುತ್ತಿದ್ದುವು. ಗೋಪುರಗಳ ಅವಶ್ಯಕತೆಯಲ್ಲಿ ನೂರಕ್ಕೆ ೪೦ ಪಾಲು ಮಾತ್ರ ಕಂಬದಿಂದ ಬರುತ್ತಿತ್ತು. ಉಳಿದ ೬೦ ಪಾಲು ಡೀಸೆಲ್ಲಿನಿಂದ. ಗೋಪುರದ ಎಂಜಿನ್ನು ಗಂಟೆಗೆ ೨ ಲೀಟರು ಕುಡಿಯುತ್ತದೆಂದು ಅದೇ ಲೆಕ್ಕ ಹೇಳುತ್ತದೆ. ಒಂದು ಲೀಟರು ಡೀಸೆಲ್ಲಿನಲ್ಲಿ ಅಡಗಿರುವ ಶಾಖ ಸುಮಾರು ೧೦ ಯೂನಿಟ್ಟಿಗೆ ಸಮ. ಗೋಪುರದ ಹೊರೆ ೩ ಕಿಲೋವಾಟ್ ಎಂದಿಟ್ಟುಕೊಂಡರೆ, ೨೦ ಯೂನಿಟ್ಟಿನಷ್ಟು ಶಾಖವನ್ನು ಸುಟ್ಟು ೩ ಯೂನಿಟ್ಟು ವಿದ್ಯುತ್ತನ್ನು ಪಡೆದಂತಾಯಿತು. ನೂರಕ್ಕೆ ಹದಿನೈದು! ಅದರಲ್ಲಿ ಮತ್ತೆ ನೂರಕ್ಕೆ ಒಂಬತ್ತು ಪಾಲು ಅಲೆಯಾಗುತ್ತದೆಂಬುದನ್ನು ನೆನೆದರೆ, ಡೀಸೆಲ್ಲಿನ ನೂರು ಪಾಲು ಶಾಖದಲ್ಲಿ ಏರಿಯಲ್ಲಿನಿಂದ ಹೊರಡುವುದು ಒಂದೂವರೆ ಪಾಲಿಗಿಂತ ಕಡಿಮೆಯೆಂದು ವಿದ್ಯಾರ್ಥಿಗಳು ತಾವೇ ಗುಣಿಸಿ ತಿಳಿಯಬಹುದು.

ಸರ್ಕಾರ ಇದನ್ನು ನೋಡಿ ಸುಮ್ಮನಿರಲಿಲ್ಲ. ೨೦೧೨ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಒಂದು ನಿರ್ದೇಶವನ್ನು ಹೊರಡಿಸಿತು. ಹಳ್ಳಿಗಾಡಿನ ಗೋಪುರಗಳಲ್ಲಿ ನೂರಕ್ಕೆ ೫೦ನ್ನೂ ಪಟ್ಟಣಗಳಲ್ಲಿ ನೂರಕ್ಕೆ ೨೦ನ್ನೂ ೨೦೧೫ರೊಳಗೆ ಬಿಸಿಲು, ಗಾಳಿ ಮುಂತಾದ ಅಕ್ಷಯ ಮೂಲಗಳ ಜೊತೆಗೂಡಿ ನಡೆಸಬೇಕೆಂದೂ, ೨೦೨೦ರೊಳಗೆ ಈ ಪ್ರಮಾಣವನ್ನು ೭೫ಕ್ಕೂ ೩೩ಕ್ಕೂ ಏರಿಸಬೇಕೆಂದೂ ಅದರಲ್ಲಿ ಹೇಳಿತ್ತು. ಎರಡು ಗಡುವುಗಳೂ ಕಳೆದುಹೋಗಿವೆ. ಸೇಡಂ ತಾಲ್ಲೂಕಿನ ಯಾವ ಗೋಪುರ ಬಿಸಿಲಿನಿಂದ ನಡೆಯುತ್ತದೆ, ಚಿತ್ತಾಪುರದ ಯಾವ ಗೋಪುರ ತಿಂಗಳಿಗೆ ಎಷ್ಟು ಯೂನಿಟ್ಟು ಬಳಸುತ್ತದೆ ಎಂಬುದನ್ನು ಒಬ್ಬ ವಿದ್ಯಾರ್ಥಿ ಎಲ್ಲಿ ನೋಡಬೇಕು? ೨೦೧೭ರಲ್ಲಿ ‘ತರಂಗ ಸಂಚಾರ’ ಎಂಬ ಸಾರ್ವಜನಿಕ ಜಾಲತಾಣವನ್ನು ಸರ್ಕಾರವೇ ತೆರೆಯಿತು. ನಮ್ಮ ಊರಿನ ಗೋಪುರಗಳಿಂದ ಹೊರಡುವ ಅಲೆಗಳು ಮಿತಿಯೊಳಗಿವೆಯೆ ಎಂಬುದನ್ನು ಯಾರು ಬೇಕಾದರೂ ತಿಳಿಯಬೇಕೆಂಬುದು ಅದರ ಉದ್ದೇಶ. ಈ ಅಲೆಗಳ ಮಿತಿಯನ್ನು ೨೦೧೨ರ ಸೆಪ್ಟೆಂಬರಿನಲ್ಲಿ ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲೊಂದಕ್ಕೆ ಇಳಿಸಿಯೂ ಆಗಿತ್ತು. ಹೀಗೆ ಗೋಪುರದಿಂದ ಹೊರಬರುವ ಒಂಬತ್ತು ಪಾಲಿನ ವಿಷಯದಲ್ಲಿ ಜನರಿಗೆ ಭಯವೂ ಉಂಟು, ಲೆಕ್ಕವೂ ಉಂಟು. ಒಳಗೆ ಹೋಗುವ ನೂರು ಪಾಲಿನ ವಿಷಯದಲ್ಲಿ ಭಯವೂ ಇಲ್ಲ, ಲೆಕ್ಕವೂ ಇಲ್ಲ. ಅಳೆಯದೆ ಇದ್ದುದನ್ನು ಆಳಲಾಗದು. ಪ್ರತಿಯೊಂದು ಗೋಪುರದ ಯೂನಿಟ್ಟನ್ನೂ ಡೀಸೆಲ್ಲನ್ನೂ ಅದೇ ರೀತಿಯಲ್ಲಿ ಪ್ರಕಟಿಸಬೇಕೆಂಬುದು ನಮ್ಮ ಮೊದಲನೆಯ ಸಲಹೆ.

ಆದರೆ ಲೆಕ್ಕವನ್ನು ಇಡುವುದರಲ್ಲಿಯೂ ಒಂದು ಅಪಾಯವುಂಟು. ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದ ಮಾತು ಇದೇ. ಎಂಜಿನಿಯರುಗಳು ಜಾಲದ ದಕ್ಷತೆಯನ್ನು ಅಳೆಯುವಾಗ ಒಂದು ಯೂನಿಟ್ಟು ವಿದ್ಯುತ್ತಿಗೆ ಎಷ್ಟು ಸಂದೇಶ ಸಾಗಿತೆಂದು ಕೇಳುವುದು ವಾಡಿಕೆ. ಬೆಂಗಳೂರಿನಂತಹ ನಗರದಲ್ಲಿ ಈ ಪ್ರಶ್ನೆ ಸರಿಯಾದುದೇ. ಚಿಂಚೋಳಿಯಲ್ಲಿ ಅದು ಅನ್ಯಾಯದ ಪ್ರಶ್ನೆಯಾಗುತ್ತದೆ. ಚಿಂಚೋಳಿ ತಾಲ್ಲೂಕಿಗೆ ರೈಲು ಬಂದಿಲ್ಲ. ಕುಂಚಾವರಂ ಕಡೆಯ ಕಾಡು, ಗುಡ್ಡ, ಕಣಿವೆಗಳ ನಡುವೆ ಹಳ್ಳಿಗಳೂ ಲಂಬಾಣಿ ತಾಂಡಾಗಳೂ ಚದರಿಕೊಂಡಿವೆ. ೨೦೧೧ರಲ್ಲಿ ಅಲ್ಲಿನ ಸುಮಾರು ೧೩೫ ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಇಂತಹ ಕಡೆ ಒಂದು ಗೋಪುರವನ್ನು ಬಳಸುವ ಜನ ಕಡಿಮೆ, ಅವರು ತರಿಸುವ ಚಿತ್ರ ಹಾಡುಗಳೂ ಕಡಿಮೆ. ಕಾಯುವ ವೆಚ್ಚ ಮಾತ್ರ ಎಲ್ಲ ಕಡೆಗೂ ಒಂದೇ. ಆದಕಾರಣ ಸಂದೇಶದ ತೂಕದಿಂದ ಅಳೆದರೆ ಚಿಂಚೋಳಿಯ ಗೋಪುರ ಶುದ್ಧ ದುಂದುಗಾರನೆಂದು ತೋರುತ್ತದೆ. ವಿದ್ಯುತ್ತನ್ನು ಉಳಿಸಬೇಕೆಂದು ಹೊರಟವರು ಮೊದಲು ಆರಿಸುವುದು ಅದನ್ನೇ.

ಆ ಗೋಪುರ ಆರಿದರೆ ಏನು ಹೋಗುತ್ತದೆ? ನಗರದಲ್ಲಿ ಒಂದು ಠಾಣೆ ಮೂಕವಾದರೆ ಪಕ್ಕದ್ದು ಕೈಹಿಡಿಯುತ್ತದೆ. ಗುಡ್ಡಗಳ ನಡುವೆ ಪಕ್ಕದ್ದೆಂಬುದೇ ಇಲ್ಲ. ನಡುರಾತ್ರಿ ಪ್ರಸವವೇದನೆ ಆರಂಭವಾದ ಮನೆಯಿಂದ ೧೦೮ರ ಆಂಬುಲೆನ್ಸಿಗೆ ಹೋಗಬೇಕಾದ ಕರೆ ಒಂದೇ ಒಂದು. ಅದರ ಅವಧಿ ಎರಡು ನಿಮಿಷ. ಅದು ಸಾಗಿಸುವ ಸಂದೇಶ ಒಂದು ಹಾಡಿನಷ್ಟೂ ಇಲ್ಲ. ತೊಗರಿ ಮಾರುವ ರೈತ ಕಲಬುರಗಿಯ ಧಾರಣೆಯನ್ನು ಕೇಳುವ ಕರೆಯೂ ಅಷ್ಟೇ ಚಿಕ್ಕದು. ಆ ಕರೆಯ ಬೆಲೆ ಅದರ ಉದ್ದದಲ್ಲಿಲ್ಲ. ಬೇಕಾದಾಗ ಅದು ಸಾಧ್ಯವಾಗುತ್ತದೆಂಬ ಭರವಸೆಯಲ್ಲಿದೆ. ಬೀದಿದೀಪದ ಕೆಳಗೆ ಎಷ್ಟು ಜನ ನಡೆದರೆಂದು ಎಣಿಸಿ ಯಾರೂ ದೀಪದ ಉಪಯೋಗವನ್ನು ಅಳೆಯುವುದಿಲ್ಲ. ಹಳ್ಳಿಯ ಮೂಲಠಾಣೆಯೂ ಒಂದು ಬೀದಿದೀಪ. ಕಾಯುವುದೇ ಅದರ ಕೆಲಸ. ಆದುದರಿಂದ ಕಾಯುವಿಕೆಯನ್ನು ಕಿತ್ತುಹಾಕುವುದು ಪರಿಹಾರವಲ್ಲ, ಅಗ್ಗಮಾಡುವುದು ಪರಿಹಾರ.

ಅಗ್ಗಮಾಡುವುದು ಹೇಗೆ? ಒಂದೇ ಕಾಯುವಿಕೆಯನ್ನು ಎಲ್ಲರೂ ಹಂಚಿಕೊಳ್ಳುವುದೇ ನಮ್ಮ ಉತ್ತರ. ಒಂದೇ ಉಕ್ಕಿನ ಗೋಪುರದಲ್ಲಿ ಎರಡು ಮೂರು ಕಂಪನಿಗಳ ಏರಿಯಲ್ಲುಗಳು ನೇತಾಡುವುದು ಈಗ ಸಾಮಾನ್ಯ ನೋಟ. ಕಂಬ, ಬ್ಯಾಟರಿ, ಎಂಜಿನ್ನುಗಳನ್ನು ಅವು ಹಂಚಿಕೊಂಡಿವೆ. ಆದರೆ ಪ್ರಸಾರಕಗಳು ಸಾಧಾರಣವಾಗಿ ಬೇರೆ ಬೇರೆ. ಮೂವರು ಕಾವಲುಗಾರರು ಒಂದೇ ಬಾಗಿಲಿನಲ್ಲಿ ಕುಳಿತು ಒಂದೇ ಬೀದಿಯನ್ನು ಕಾದಂತೆ. ಮೇಲೆ ಹೇಳಿದ ಮಾದರಿಯಂತೆ ಒಂದು ಕಂಪನಿಯ ಒಂದು ಪಟ್ಟಿಯ ಬರಿಯ ಕಾಯುವಿಕೆಗೆ ದಿನಕ್ಕೆ ಸುಮಾರು ೧೯ ಯೂನಿಟ್ಟು, ಮೂರಕ್ಕೆ ೫೬. ಒಬ್ಬನ ಪ್ರಸಾರಕವೇ ಮೂವರ ಗ್ರಾಹಕರಿಗೂ ಸೇವೆ ಮಾಡಿದರೆ ಒಂದು ಗೋಪುರದಲ್ಲಿ ವರ್ಷಕ್ಕೆ ಸುಮಾರು ೧೩,೬೦೦ ಯೂನಿಟ್ಟು ಉಳಿಯುತ್ತದೆ, ಒಬ್ಬರ ಮಾತೂ ನಿಲ್ಲದೆ. ಇದು ಕನಸೇನೂ ಅಲ್ಲ. ೧೧೨ನ್ನು ಒತ್ತಿದ ಆಪತ್ಕಾಲದ ಕರೆಯನ್ನು ಯಾವ ಕಂಪನಿಯ ಠಾಣೆಯಾದರೂ ಸ್ವೀಕರಿಸಬೇಕೆಂಬುದು ಮೊಬೈಲ್ ಪದ್ಧತಿಯ ಅಂತಾರಾಷ್ಟ್ರೀಯ ನಿಯಮಗಳಲ್ಲಿಯೇ ಅಡಕವಾಗಿದೆ. ೨೦೨೫ರ ಜನವರಿಯಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ಭಾರತ ನಿಧಿಯ ಹಣದಿಂದ ನಿಂತ ೪ಜಿ ಗೋಪುರಗಳಲ್ಲಿ ಒಂದು ಕಂಪನಿಯ ಠಾಣೆಯನ್ನು ಇತರ ಕಂಪನಿಗಳ ಗ್ರಾಹಕರೂ ಬಳಸುವ ವ್ಯವಸ್ಥೆಗೆ ಚಾಲನೆ ಕೊಟ್ಟಿತು. ಸರ್ಕಾರದ ಹಣದ ಗೋಪುರಗಳಿಗೆ ಒಪ್ಪಿದ ಈ ನ್ಯಾಯವನ್ನು ಚಿಂಚೋಳಿಯಂತಹ ವಿರಳ ಸೀಮೆಯ ಎಲ್ಲ ಗೋಪುರಗಳಿಗೂ, ಚಿತ್ತಾಪುರ ಸೇಡಂಗಳಂತಹ ಪಟ್ಟಣಗಳಲ್ಲಿ ನಡುರಾತ್ರಿಯಿಂದ ಬೆಳಗಿನವರೆಗೂ ವಿಸ್ತರಿಸಬೇಕೆಂಬುದು ನಮ್ಮ ಎರಡನೆಯ ಸಲಹೆ.

ಹೀಗೆ ಹಂಚಿಕೊಂಡರೆ ಕಂಪನಿಗಳ ಸ್ಪರ್ಧೆ ಕುಂದಿ ಗ್ರಾಹಕನಿಗೆ ಹಾನಿಯಾಗುವುದಿಲ್ಲವೆ ಎಂದು ಕೆಲವರು ಕೇಳಬಹುದು. ಸ್ಪರ್ಧೆಯಿಂದ ನಮಗೆ ಒಳ್ಳೆಯದಾಗಿರುವುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೂರು ಕಂಪನಿಗಳ ರೈಲುಗಳು ಓಡಬೇಕಾದರೆ ಮೂರು ಜೋಡಿ ಕಂಬಿಗಳನ್ನು ಹಾಸಬೇಕಾಗಿಲ್ಲ. ದರದಲ್ಲಿ, ಸೇವೆಯಲ್ಲಿ ಸ್ಪರ್ಧೆ ನಡೆಯಲಿ. ಖಾಲಿ ಆಕಾಶವನ್ನು ಕಾಯುವುದರಲ್ಲಿ ಸ್ಪರ್ಧೆ ಯಾರಿಗೂ ಲಾಭವಲ್ಲ. ಹಂಚಿಕೊಂಡ ಒಂದೇ ಠಾಣೆ ಕೆಟ್ಟರೆ ಎಲ್ಲರೂ ಮೂಕರಾಗುವರೆಂಬ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ಅದಕ್ಕೆ ಉಪಾಯವೂ ಗೊತ್ತಿದೆ: ಎರಡನೆಯ ಪ್ರಸಾರಕವನ್ನು ಕೀಳದೆ ಮಲಗಿಸಿಟ್ಟಿರಬೇಕು, ಮೊದಲನೆಯದು ನಿಂತೊಡನೆ ಅದು ಏಳಬೇಕು.

ಬಿಸಿಲಿನಿಂದ ಗೋಪುರಗಳನ್ನು ನಡೆಸುವ ಮಾತಿಗೂ ಇದೇ ಬುನಾದಿ. ಕಲಬುರಗಿಯ ಬಿಸಿಲಿಗೆ ಕೊರತೆಯಿಲ್ಲ. ಆದರೆ ನೆಲಕ್ಕೆ ಮಿತಿಯುಂಟು. ಒಂದು ಕಿಲೋವಾಟಿನ ಸೌರಫಲಕ ದಿನಕ್ಕೆ ಸರಾಸರಿ ನಾಲ್ಕೂವರೆ ಯೂನಿಟ್ಟು ಕೊಡುತ್ತದೆಂದೂ ಐದು ಚದರ ಮೀಟರ್ ಜಾಗವನ್ನು ಹಿಡಿಯುತ್ತದೆಂದೂ ಇಟ್ಟುಕೊಳ್ಳೋಣ. ಮೂರು ಬೇರೆ ಬೇರೆ ಕಾಯುವಿಕೆಗಳ ೫೬ ಯೂನಿಟ್ಟಿಗೆ ೧೨ ಕಿಲೋವಾಟಿಗಿಂತ ಹೆಚ್ಚಿನ ಫಲಕ, ೬೨ ಚದರ ಮೀಟರ್ ಜಾಗ ಬೇಕು. ಹಂಚಿಕೊಂಡ ಒಂದೇ ಕಾಯುವಿಕೆಗೆ ೪ ಕಿಲೋವಾಟ್, ೨೧ ಚದರ ಮೀಟರ್ ಸಾಕು. ಗೋಪುರದ ಬೇಲಿಯೊಳಗೇ ಇದು ಹಿಡಿಸೀತು. ಮಾತುಕತೆಯ ವೆಚ್ಚಕ್ಕೂ ಮೋಡದ ದಿನಗಳಿಗೂ ಇದರ ಮೇಲೆ ಸ್ವಲ್ಪ ಹೆಚ್ಚು ಸೇರಿಸಬೇಕಾಗುವುದು ನಿಜ. ಆದರೆ ಪ್ರಮಾಣ ಬದಲಾಗುವುದಿಲ್ಲ. ಗಣಿಗಳ ಸಮೀಪದಲ್ಲಿ ಫಲಕಗಳ ಮೇಲೆ ಕೂರುವ ಧೂಳನ್ನು ಮೇಲಿಂದ ಮೇಲೆ ಒರಸಬೇಕಾಗುವ ಕೆಲಸವೂ ಮೂರರಲ್ಲೊಂದಾಗುತ್ತದೆ. ಮೊದಲು ದುಂದನ್ನು ಕಳೆ, ಅನಂತರ ಬಿಸಿಲನ್ನು ಕೂಡಿಸು — ಈ ಕ್ರಮವನ್ನು ಬಿಟ್ಟು ದುಂದಿಗೇ ಫಲಕಗಳನ್ನು ಹೊದಿಸಿದರೆ ಹಣ ವ್ಯರ್ಥ. ವಿರಳ ಸೀಮೆಗೆ ೭೦೦ ಅಥವಾ ೯೦೦ ಮೆಗಾಹರ್ಟ್ಸಿನ ಉದ್ದ ಅಲೆಗಳನ್ನು ಆರಿಸುವುದೂ ಇದೇ ಕ್ರಮದ ಒಂದು ಮೆಟ್ಟಿಲು. ೩೩೦೦ ಮೆಗಾಹರ್ಟ್ಸಿನ ೫ಜಿ ಅಲೆಗಿಂತ ಅವು ಬಹುದೂರ ಹಬ್ಬುತ್ತವೆ, ಗುಡ್ಡದ ಮರೆಗೂ ಹೆಚ್ಚಾಗಿ ಬಾಗುತ್ತವೆ. ಗೋಪುರಗಳ ಸಂಖ್ಯೆ ಕಡಿಮೆಯಾದರೂ ನಡೆಯುತ್ತದೆ.

ಕೊನೆಯಲ್ಲಿ ನಮ್ಮ ನಮ್ಮ ಪಾಲಿನ ಒಂದು ಮಾತು. ಯಂತ್ರಗಳು ದಕ್ಷವಾದಷ್ಟೂ ಇಂಧನ ಉಳಿಯುವುದೆಂಬ ನಂಬಿಕೆಯನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ೧೮೬೫ರಲ್ಲಿಯೇ ಪ್ರಶ್ನಿಸಿದ್ದನು. ಉಗಿಯಂತ್ರ ಸುಧಾರಿಸಿದಂತೆ ಕಲ್ಲಿದ್ದಲಿನ ಬಳಕೆ ಇಳಿಯದೆ ಏರಿತು. ಭಾರತದಲ್ಲಿ ೨೦೧೪ರಲ್ಲಿ ಒಬ್ಬ ಗ್ರಾಹಕ ತಿಂಗಳಿಗೆ ಸರಾಸರಿ ಸುಮಾರು ೬೦ ಮೆಗಾಬೈಟ್ ಸಂದೇಶವನ್ನು ತರಿಸುತ್ತಿದ್ದನು. ೨೦೨೪ರ ವೇಳೆಗೆ ಅದು ೨೦ ಗಿಗಾಬೈಟನ್ನು ದಾಟಿತು. ಹತ್ತು ವರ್ಷಗಳಲ್ಲಿ ಮುನ್ನೂರು ಪಟ್ಟಿಗೂ ಮಿಗಿಲು. ಒಂದು ಬೈಟಿಗೆ ತಗಲುವ ವಿದ್ಯುತ್ತು ಎಷ್ಟೇ ಇಳಿದರೂ ಇಂತಹ ಏರಿಕೆಯೊಡನೆ ಓಡಿ ಗೆಲ್ಲುವುದು ಕಷ್ಟ. ಮನೆಯಲ್ಲಿಯೋ ಕಾಲೇಜಿನಲ್ಲಿಯೋ ಗಾಜಿನ ಎಳೆಯ ಸಂಪರ್ಕವಿರುವಾಗ ಉದ್ದವಾದ ಚಲಚ್ಚಿತ್ರಗಳನ್ನು ಗೋಪುರದ ಮೂಲಕ ತರಿಸದಿರುವುದು ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಉಳಿತಾಯ. ಎಳೆಯಲ್ಲಿ ಸಾಗುವ ಬೈಟಿಗೆ ತಗಲುವ ಶಕ್ತಿ ಗಾಳಿಯಲ್ಲಿ ಸಾಗುವುದಕ್ಕಿಂತ ಬಹಳ ಕಡಿಮೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ೧೯೮೬ರಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಆ ಕಲ್ಲು ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಓದುಗನಿಗಾಗಿ ಕಾಯಿತು. ಕಾಯುವುದಕ್ಕೆ ಅದಕ್ಕೆ ಒಂದು ಯೂನಿಟ್ಟೂ ಬೇಕಾಗಲಿಲ್ಲ. ಆದರೆ ಕಲ್ಲು ಕರೆಗೆ ಓಗೊಡಲಾರದು. ಓಗೊಡುವ ಕಂಬ ಬೇಕೆಂದರೆ ಅದರ ಕಾಯುವಿಕೆಗೆ ಬೆಲೆ ತೆರಲೇಬೇಕು. ಆ ಬೆಲೆ ಎಷ್ಟೆಂದು ಎಲ್ಲರಿಗೂ ತಿಳಿದಿರಬೇಕು, ಅದನ್ನು ಎಲ್ಲರೂ ಹಂಚಿಕೊಳ್ಳಬೇಕು, ಅದನ್ನು ಉಳಿಸುವ ನೆಪದಲ್ಲಿ ಯಾವ ತಾಂಡಾವೂ ಮೂಕವಾಗಬಾರದು. ಈ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಒ೦ದೊಂದು ಗೋಪುರವನ್ನು ಆರಿಸಿಕೊಂಡು, ಅದರಲ್ಲಿ ಎಷ್ಟು ಏರಿಯಲ್ಲುಗಳಿವೆ, ವಾರದಲ್ಲಿ ಎಷ್ಟು ಗಂಟೆ ಎಂಜಿನ್ನಿನ ಸದ್ದು ಕೇಳುತ್ತದೆ, ಫಲಕಗಳಿವೆಯೆ ಇಲ್ಲವೆ ಎಂದು ಬೇಲಿಯ ಹೊರಗೆ ನಿಂತೇ ಒಂದು ವರ್ಷ ಬರೆದಿಡಲಿ. ಗಂಟೆಗೆ ೨ ಲೀಟರಿನಂತೆ ಗುಣಿಸುವುದು ಹೈಸ್ಕೂಲಿನ ಲೆಕ್ಕ. ಆ ಪುಸ್ತಕವನ್ನು ತಮ್ಮ ಪಂಚಾಯತಿಯ ಮುಂದಿಟ್ಟು ಉತ್ತರ ಕೇಳುವುದು ಪ್ರಜೆಗಳ ಹಕ್ಕು. ಇಲಾಖೆಗಳು ಮಾಡಬೇಕಾದ ಲೆಕ್ಕವನ್ನು ವಿದ್ಯಾರ್ಥಿಗಳು ಆರಂಭಿಸಿದರೆ, ಅದನ್ನು ಮುಂದುವರಿಸದೆ ಇರುವುದು ಇಲಾಖೆಗಳಿಗೂ ಕಷ್ಟವಾಗುತ್ತದೆಂದು ನಾವು ನಂಬಿದ್ದೇವೆ.